ಪುಟ್ಟಮಲ್ಲಪ್ಪನವರ ಎಡಗೈ

ನಮ್ಮ ಭಾವ ಪುಟ್ಟಮಲ್ಲಪ್ಪನವರನ್ನು 'ಹೇಗಿದ್ದೀರಿ' ಎಂದು ಕೇಳುವುದೇ ದಂಡ. ಜ್ವರದಿಂದ ಮೈ ಕಾದ ಹೆಂಚಾಗಿದ್ದರೂ 'ಚೆನ್ನಾಗಿವ್ನಿ ಕಣಪ್ಪ, ಶಿವನ ದಯ' ಎನ್ನುವ ಆಸಾಮಿ. ಒಮ್ಮೆ ಚೇಳು ಕುಟುಕಿ, ಜಗಲಿಯ ಮೇಲೆ ತುಟಿ ಕಚ್ಚಿಕೊಂಡು ಕೂತಿದ್ದರು. ಆಗ ಬಂದ ನೆಂಟರಿಗೂ ಇದೇ ಉತ್ತರ ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದ್ದರು. ಅವರ ಊರಾದ ಹಂಗಳದ ಹಳೆಯ ಜನಕ್ಕೆಲ್ಲ ಇದೇ ರೂಢಿ. ಮರ್ಯಾದಸ್ಥರು ಕ್ಷೇಮ ಕೇಳಿದರೆ ನೋವು ಹೇಳಿಕೊಳ್ಳಬಾರದು, ಅದು ಕೇಳಿದವರಿಗೆ ಅಪಶಕುನ ಎಂಬ ಭಾವನೆ. ಇದರ ಮೇಲೆ ಭಾವನಿಗೆ ಮಿಲಿಟರಿ ಬೇರೆ ಸೇರಿಕೊಂಡಿತ್ತು. ಅಲ್ಲಿ ಸುಬೇದಾರ ಏನು ಕೇಳಿದರೂ 'ಠೀಕ್ ಹೈ ಸಾಬ್' ಎನ್ನಬೇಕಂತೆ. ಹೀಗೆ ಎರಡೂ ಕಡೆಯಿಂದ ಕೆಟ್ಟುಹೋಗಿದ್ದ ಮನುಷ್ಯನನ್ನು ಐವತ್ತೈದನೇ ಇಸವಿಯಲ್ಲಿ ನಾನು ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಯಾತಕ್ಕೆ? ಡಾಕ್ಟರ ಮುಂದೆ ನಿಂತು 'ನನ್ನ ಕೈ ಸರಿಯಿಲ್ಲ' ಎಂದು ಹೇಳಿಸುವುದಕ್ಕೆ. ನನ್ನ ಪಾಡು ನೀವೇ ಊಹಿಸಿಕೊಳ್ಳಿ.

ನಾನು ನೀಲಕಂಠಸ್ವಾಮಿ, ಆಗ ಗುಂಡ್ಲುಪೇಟೆಯ ಶಾಲೆಯಲ್ಲಿ ಮೇಷ್ಟ್ರು. ಭಾವ ಎಂದರೆ ನಮ್ಮಕ್ಕ ಕರಿಬಸಮ್ಮನ ಗಂಡ. ಯುದ್ಧದ ಕಾಲದಲ್ಲಿ ತಮ್ಮನ್ನು ಒಂದು ಮಾತೂ ಕೇಳದೆ ಅಪ್ಪ ಎತ್ತು ಮಾರಿಬಿಟ್ಟರೆಂದು ಮುನಿಸಿಕೊಂಡು, ಮೈಸೂರಿಗೆ ಹೋಗಿ ಸೈನ್ಯಕ್ಕೆ ಹೆಸರು ಕೊಟ್ಟು ಬಂದವರು. ಒಂದು ಎತ್ತಿನ ಕೋಪಕ್ಕೆ ಬರ್ಮಾದವರೆಗೆ ಹೋದ ಗಂಡಸನ್ನು ನಮ್ಮ ತಾಲ್ಲೂಕಿನಲ್ಲಿ ನಾನು ಬೇರೆ ಕಂಡಿಲ್ಲ. ಅಲ್ಲಿ ಅವರಿಗೆ ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ. ಮಳೆಗಾಲದ ಬೆಟ್ಟದ ದಾರಿಯಲ್ಲಿ ಒಂದು ಹೇಸರಗತ್ತೆ ಹೊರೆಯ ಸಮೇತ ಜಾರಿತು. ಭಾವ ಹಗ್ಗ ಬಿಡಲಿಲ್ಲ. ಪ್ರಾಣಿ ಉಳಿಯಿತು, ಭಾವನ ಎಡಗೈ ಮೊಣಕೈಗಿಂತ ಕೆಳಗೆ ಮುರಿಯಿತು. ಡೇರೆಯ ಆಸ್ಪತ್ರೆಯಲ್ಲಿ ಕಟ್ಟಿದ ಕಟ್ಟನ್ನು ಬಿಚ್ಚಿ ನೋಡಿದರೆ ಮೂಳೆ ಕೂಡಿತ್ತು, ಕೈ ಮಾತ್ರ ತಿರುಗುತ್ತಿರಲಿಲ್ಲ.

ತಿರುಗುವುದಿಲ್ಲ ಎಂದರೆ, ಅಂಗೈ ಮೇಲುಮುಖವಾಗುವುದಿಲ್ಲ, ಅಷ್ಟೇ. ಬೆರಳೆಲ್ಲ ಸರಿ, ಹಿಡಿತವಂತೂ ಉಡದ ಹಿಡಿತ. ಆದರೆ ಗೊಬ್ಬರದ ಮಂಕರಿಯನ್ನು ಅಡಿಗೆ ಕೈಕೊಟ್ಟು ಎತ್ತುವ ಹಾಗಿಲ್ಲ, ರಾಗಿಯ ಕಂತೆಯನ್ನು ಎರಡು ಕೈಯೊಡ್ಡಿ ಇಸಿದುಕೊಳ್ಳುವ ಹಾಗಿಲ್ಲ. ಅದಕ್ಕೇ ಜಮೀನನ್ನು ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ವಾರಕ್ಕೆ ಕೊಟ್ಟಿದ್ದರು. ಸರ್ಕಾರದ ಪಿಂಚಣಿ ಬರುತ್ತಿದ್ದದ್ದರಿಂದ ಮನೆ ನಡೆಯುತ್ತಿತ್ತು. ಊರಿನವರ ಕಣ್ಣಿಗೆ ಇದೆಲ್ಲ ಕಾಣುತ್ತದೆಯೇ? ಪಕ್ಕದ ಮನೆಯ ಮರಿಮಲ್ಲಪ್ಪ ನನ್ನೆದುರಿಗೇ ಹೇಳಿದ್ದ: "ಹೋರಿ ಮೂಗುದಾರ ಇಡ್ದು ನಿಲ್ಲುಸ್ತಾನ, ಅವನಿಗ್ಯಾಕ್ಲಾ ಬಿಟ್ಟಿ ಪಿಂಚಣಿ?" ಆವತ್ತು ಅವನಿಗೆ ಎರಡು ಬಿಟ್ಟಿದ್ದರೆ ನನಗೆ ಪುಣ್ಯ ಬರುತ್ತಿತ್ತು.

ಭಾವನ ನಿಜವಾದ ಸಂಕಟ ಮಾತ್ರ ಬೇರೆಯೇ ಇತ್ತು. ನಾವು ಲಿಂಗ ಕಟ್ಟುವ ಜನ. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜೆ ಮಾಡದೆ ಬಾಯಿಗೆ ತುತ್ತಿಲ್ಲ. ಅಂಗೈಯೇ ಮೇಲಾಗದಿದ್ದರೆ ಲಿಂಗವನ್ನು ಎಲ್ಲಿಡುವುದು? ಕೈ ಅದಲುಬದಲು ಮಾಡಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ಕೊನೆಗೆ ಅಕ್ಕನೇ ದಾರಿ ಕಂಡುಕೊಂಡಳು. ಭಾವನ ಎಡಗೈ ಬದುವಿನಂತೆ ಅಡ್ಡ ನಿಲ್ಲುತ್ತಿತ್ತು, ಅದರ ಕೆಳಗೆ ಅಕ್ಕ ತನ್ನ ಅಂಗೈ ಒಡ್ಡುತ್ತಿದ್ದಳು, ಲಿಂಗ ಅಲ್ಲಿ ಕೂರುತ್ತಿತ್ತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಾಗಾಗಿ ಬಾಗಿಲು ಹಾಕಿಕೊಂಡು ಪೂಜೆ. ನನ್ನನ್ನು ಬಿಟ್ಟು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾವ ಮನಸ್ಸು ತಡೆಯದೆ ಊರಿಗೆ ಬಂದ ಒಬ್ಬ ಅಯ್ಯನವರ ಹತ್ತಿರ ಕೈ ತಿರುಗದ್ದನ್ನು ಹೇಳಿಕೊಂಡರಂತೆ. ಅವರು, 'ಭಕ್ತಿ ಗಟ್ಟಿಯಾಗಿದ್ದರೆ ತಿರುಗುತ್ತದೆ' ಎಂದು ಸಲೀಸಾಗಿ ಹೇಳಿ ಹೋದರು. ಹೇಳುವವರಿಗೇನು, ಅನುಭವಿಸಿದ್ದು ಇವರು. ಅಂದಿನಿಂದ ಅಕ್ಕನನ್ನು ಕರೆಯುವ ಮುಂಚೆ ಒಬ್ಬರೇ ಕೂತು ಕೈಯನ್ನು ತಿರುಚುವುದು, ನೋವಿಗೆ ಕಣ್ಣಲ್ಲಿ ನೀರು ಬಂದ ಮೇಲೆ ಸೋತು "ಬಾಮ್ಮಿ" ಎನ್ನುವುದು ದಿನದ ಕರ್ಮವಾಯಿತು.

ಪಿಂಚಣಿಗೆ ಕೆಲವು ವರ್ಷಕ್ಕೊಮ್ಮೆ ಕೈ ತೋರಿಸಬೇಕಿತ್ತು. ಆ ಸಲ ಮಿಲಿಟರಿ ಡಾಕ್ಟರು ಚಾಮರಾಜನಗರದ ಪ್ರವಾಸಿ ಬಂಗಲೆಗೆ ಬರುತ್ತಾರೆ, ವಾಸಿಯಾದವರ ಪಿಂಚಣಿ ನಿಲ್ಲುತ್ತದೆ ಎಂದು ತಿಳಿದು, ನಾನು ರಜ ಹಾಕಿ ಹಿಂದಿನ ದಿನವೇ ಹಂಗಳಕ್ಕೆ ಹೋದೆ. ನೋಡುತ್ತೇನೆ, ಅಕ್ಕ ಹರಳೆಣ್ಣೆ ಬಿಸಿ ಮಾಡಿಕೊಂಡು ಭಾವನ ಕೈಯನ್ನು ನೀವುತ್ತಿದ್ದಾಳೆ! ಆಮೇಲೆ ಉಪ್ಪಿನ ಗಂಟಿನ ಶಾಖ ಬೇರೆ.

"ಅಕ್ಕ, ಏನ್ ಮಾಡ್ತಿದ್ದೀಯ? ಹೋರಿ ಮಾರಕ್ಕೆ ಒಂಟಿದ್ದೀರಾ?" ಎಂದು ರೇಗಿದೆ.

"ಇನ್ನೇನ್ಲಾ, ಅಷ್ಟು ದೊಡ್ ಡಾಕ್ಟ್ರು ಕೈ ಇಡೀತಾರ. ಒರಟು ಕೈ ತಕ್ಕ ಓಗಕ್ಕಾದದಾ?" ಎಂದಳು ನಮ್ಮಕ್ಕ. ಗಂಡನಿಗೆ ತಕ್ಕ ಹೆಂಡತಿ.

ಬೆಳಿಗ್ಗೆ ಹಂಗಳದಿಂದ ಗುಂಡ್ಲುಪೇಟೆಗೆ ಬಂದು, ಚಾಮರಾಜನಗರದ ಬಸ್ಸು ಹತ್ತಿದೆವು. ಒಬ್ಬಳೇ ಮನೆಯಲ್ಲಿದ್ದರೆ ಜೀವ ಹೊಡೆದುಕೊಳ್ಳುತ್ತದೆ ಎಂದು ಅಕ್ಕನೂ ಹೊರಟಿದ್ದಳು. ತೆರಕಣಾಂಬಿ ದಾಟುವವರೆಗೂ ನಾನು ಭಾವನಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಪಾಠ ಹೇಳಿದೆ.

"ಭಾವ, ಕೈ ಹೇಗಿದೆ ಅಂದ್ರೆ ಏನಂತೀರಿ?"

"ತಿರುಗಕಿಲ್ಲ ಸ್ವಾಮಿ ಅಂತೀನಿ."

"ಏನಾದ್ರೂ ಎತ್ತು ಅಂದ್ರೆ?"

"ಅದೇನ್ಲಾ, ಎತ್ತಬೋದಲ್ಲ."

"ಎತ್ತಬೋದು, ಆದ್ರೂ ಎತ್ತಬೇಡಿ."

"ಮೇಷ್ಟ್ರಾಗಿ ಸುಳ್ಳು ಏಳಕ್ಕ ಏಳ್ಕೊಡ್ತೀಯಲ್ಲಾ, ನಿನ್ ಬಾಯಿಗ್ ಮಣ್ಣಾಕ" ಎಂದು ನಕ್ಕರು. ಬಸ್ಸಿನಲ್ಲಿದ್ದವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಬಂಗಲೆಯ ಜಗಲಿಯಲ್ಲಿ ಹಳೆಯ ಸಿಪಾಯಿಗಳು ಸಾಲಾಗಿ ಕೂತಿದ್ದರು. ನಮ್ಮ ಸರದಿ ಬಂದಾಗ ಅಕ್ಕ ಬಾಗಿಲ ಪಕ್ಕದಲ್ಲೇ ಉಳಿದಳು, ನಾನು ಭಾವನ ಜೊತೆ ಒಳಗೆ ಹೋದೆ. ಡಾಕ್ಟರು ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಮುಖ ಎತ್ತಿ ನಗುತ್ತಾ, "ಬನ್ನಿ ಪುಟ್ಟಮಲ್ಲಪ್ಪನವರೇ, ಕೈ ಹೇಗಿದೆ?" ಎಂದರು.

ಕೆಟ್ಟಿತು ಎಂದುಕೊಂಡೆ. ಗದರಿಸಿ ಕೇಳಿದ್ದರೆ ಭಾವ ನಿಜ ಹೇಳುತ್ತಿದ್ದರೋ ಏನೋ. ಅಂಥ ದೊಡ್ಡ ಮನುಷ್ಯ 'ನವರೇ' ಎಂದು ಕರೆದು ಕ್ಷೇಮ ಕೇಳಿದ ಮೇಲೆ ಮುಗಿಯಿತು. ಭಾವ ಹಿಮ್ಮಡಿ ಕೂಡಿಸಿ ಎದೆ ಸೆಟೆಸಿ, "ಚೆನ್ನಾಗದ ಸ್ವಾಮಿ, ತಮ್ಮ ದಯ" ಎಂದುಬಿಟ್ಟರು.

"ನನ್ನ ಬೆರಳು ಹಿಸುಕಿ ನೋಡುವ."

ಹಿಸುಕಿದರು. ಡಾಕ್ಟರು ಮುಖ ಕಿವುಚಿದರು. "ಆ ಕುರ್ಚಿ ಎತ್ತಲಿಕ್ಕೆ ಆಗುತ್ತದೆಯೋ?" ಎಂದಿದ್ದೇ ತಡ, ತೇಗದ ಕುರ್ಚಿಯನ್ನು ಎಡಗೈಯೊಂದರಲ್ಲೇ ಬೆನ್ನು ಹಿಡಿದು ಎತ್ತಿ, ಹೆಗಲ ಮಟ್ಟಕ್ಕೆ ತಂದು ನಿಲ್ಲಿಸಿದರು. ಸಾಕು ಎಂದು ಹೇಳುವವರೆಗೂ ಇಳಿಸಲಿಲ್ಲ. "ಅಂಗೈ ಮೇಲೆ ಮಾಡಿ" ಎಂದಾಗಲಾದರೂ ಸಿಕ್ಕಿಬೀಳುತ್ತಾರೆ ಎಂದು ಕಾದೆ. ಭುಜ ಇಳಿಸಿ, ಮೊಣಕೈಯನ್ನು ಹೊಟ್ಟೆಯ ಮುಂದಕ್ಕೆ ತಂದು, ಇಡೀ ಮೈಯನ್ನೇ ಒಂದು ಕಡೆಗೆ ವಾಲಿಸಿ, ಅಂಗೈ ಮೇಲಾದ ಹಾಗೆ ತೋರಿಸಿಬಿಟ್ಟರು! ಮೋಸ ಮಾಡಬೇಕೆಂದಲ್ಲ. ಹೇಳಿದ್ದನ್ನು ಮಾಡಲಾಗದು ಎಂದು ಒಪ್ಪಿಕೊಳ್ಳುವುದು ಆ ಮೈಗೇ ಗೊತ್ತಿರಲಿಲ್ಲ.

"ಬಹಳ ಸಂತೋಷ. ಪೂರ್ತಿ ವಾಸಿಯಾಗಿದೆ. ಇನ್ನು ಪಿಂಚಣಿಯ ಅಗತ್ಯ ಕಾಣುವುದಿಲ್ಲ" ಎಂದು ಡಾಕ್ಟರು ಪೆನ್ನು ತೆಗೆದುಕೊಂಡರು.

"ಸರಿ ಸ್ವಾಮಿ" ಎಂದು ಭಾವ ಸಲಾಮು ಹೊಡೆದರು.

ನಾನು ಬಾಯಿ ತೆರೆದೆ. "ನೀವು ನಡುವೆ ಮಾತಾಡುವ ಹಾಗಿಲ್ಲ" ಎಂದರು ಡಾಕ್ಟರು. ನನಗೆ ಭಾವನ ಮೇಲೆ ಬಂದ ಸಿಟ್ಟಿಗೆ ಅದೇ ಕುರ್ಚಿಯನ್ನು ಎತ್ತಿ ಅವರ ತಲೆಯ ಮೇಲೆ ಹಾಕೋಣ ಎನಿಸಿತು. ಅಷ್ಟರಲ್ಲಿ ಪರಗಂಡಸರೆದುರು ದನಿ ಎತ್ತದ ನಮ್ಮಕ್ಕ ಬಾಗಿಲು ದಾಟಿ ಒಳಗೆ ಬಂದಳು.

"ಸ್ವಾಮಿ, ಇವರ ಮಾತ ನಂಬಬ್ಯಾಡಿ. ಸಾಯೋಗಂಟನೂ ಇವ್ರು ಚೆನ್ನಾಗಿವ್ನಿ ಅಂತಾರ. ಇವ್ರ ಅಂಗೈಲಿ ಲಿಂಗ ನಿಲ್ಲಕಿಲ್ಲ. ಯುದ್ದದಿಂದ ಬಂದಾಗ್ನಿಂದ ನನ್ನ ಅಂಗೈ ಒಡ್ಡಿ ಪೂಜ ಮಾಡುಸ್ತಿವ್ನಿ."

"ಸುಮ್ಮಗಿರಮ್ಮಿ!" ಭಾವನ ಮುಖ ಕಪ್ಪಿಟ್ಟಿತು. "ಮನೆ ಮಾತ ಬೀದೀಲಿ ಆಡ್ತೀಯಾ?"

"ಆಡ್ತೀನಿ. ದಿನಾ ಒತ್ತಾರೆ ಕದ ಆಕ್ಕಂಡು ನೀವು ಅಳೋದ ಕೇಳಿವ್ನಿ ನಾನು. ಇವತ್ತು ಆಡೇ ಆಡ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಲಿಂಗಪೂಜೆ ಎಂದರೇನು, ಅಂಗೈ ಯಾಕೆ ಬೇಕು ಎಂದು ನನ್ನನ್ನು ಕೇಳಿದರು, ಈ ಸಲ ನಾನು ಬಾಯಿಬಿಟ್ಟು ಎಲ್ಲ ಹೇಳಿದೆ. ಕೇಳಿಸಿಕೊಂಡು ಎದ್ದು ಬಂದು, ಭಾವನ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದರು. ಇನ್ನು ಮೈ ವಾಲಿಸುವ ಹಾಗಿಲ್ಲ, ಭುಜ ಇಳಿಸುವ ಹಾಗಿಲ್ಲ. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ತೆಗೆದು, "ಇದನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ" ಎಂದರು.

ಭಾವ ಕೈ ತಿರುಗಿಸಲು ನೋಡಿದರು. ಹಣೆಯ ಮೇಲೆ ಬೆವರು ಬಂತು, ಕತ್ತಿನ ನರ ಉಬ್ಬಿತು, ಕೈ ಮಾತ್ರ ಅಡ್ಡಡ್ಡ ನಿಂತೇ ಇತ್ತು. ಡಾಕ್ಟರು ಗುಂಡನ್ನು ಬಿಟ್ಟರು. ಅದು ಭಾವನ ಅಂಗೈ ಸವರಿಕೊಂಡು ಜಾರಿತು. ನೆಲಕ್ಕೆ ಬಿದ್ದು ಒಡೆಯಬೇಕಿತ್ತು, ಒಡೆಯಲಿಲ್ಲ. ಕೆಳಗೆ ಆಗಲೇ ಅಕ್ಕನ ಅಂಗೈ ಇತ್ತು.

ಕೈ ಚಾಚಿದ್ದು ಅವಳಿಗೂ ಗೊತ್ತಾಗಿರಲಿಲ್ಲ ಎಂದು ಕಾಣುತ್ತದೆ, ಗುಂಡನ್ನು ನೋಡಿ ಅವಳೇ ಬೆಚ್ಚಿದಳು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಭಾವನ ಮುಂಗೈಯ ಮೂಳೆಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಒತ್ತಿ ಒತ್ತಿ ನೋಡಿದರು.

"ಇಲ್ಲಿ ಇರುವುದು ಎರಡು ಮೂಳೆ, ಪುಟ್ಟಮಲ್ಲಪ್ಪನವರೇ. ಒಂದರ ಮೇಲೊಂದು ಹೊರಳಿದರೆ ಮಾತ್ರ ಕೈ ತಿರುಗುತ್ತದೆ. ನಿಮ್ಮವು ಮುರಿದು ಕೂಡುವಾಗ ಒಂದಕ್ಕೊಂದು ಬೆಸೆದುಹೋಗಿವೆ. ಇದು ಇನ್ನು ಈ ಜನ್ಮದಲ್ಲಿ ತಿರುಗುವುದಿಲ್ಲ. ಪಿಂಚಣಿ ಕಾಯಂ ಎಂದು ಬರೆಯುತ್ತೇನೆ. ಇನ್ನು ಮುಂದೆ ಪರೀಕ್ಷೆಗೆ ಬರುವುದು ಬೇಡ."

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಆದರೆ ಅಕ್ಕನಿಗೆ ಪಿಂಚಣಿಯ ಮಾತು ಕೇಳಿಸಲೇ ಇಲ್ಲ. 'ಈ ಜನ್ಮದಲ್ಲಿ' ಎಂಬುದೊಂದು ಕೇಳಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಭಾವ ಅಳಲಿಲ್ಲ. ತಮ್ಮ ಕೈಯನ್ನೇ ನೋಡುತ್ತಾ ನಿಂತಿದ್ದು, ನಿಧಾನವಾಗಿ ಕೇಳಿದರು:

"ಸ್ವಾಮಿ, ಎಷ್ಟು ಭಕ್ತಿ ಮಾಡುದ್ರೂ ತಿರುಗಕಿಲ್ವಾ?"

ಡಾಕ್ಟರು ನಗಲಿಲ್ಲ, ಅದಕ್ಕೆ ಇಂದಿಗೂ ಅವರಿಗೆ ನನ್ನ ನಮಸ್ಕಾರ. "ಭಕ್ತಿಯ ವಿಷಯ ನನಗೆ ಗೊತ್ತಿಲ್ಲ. ಮೂಳೆಯ ವಿಷಯ ಗೊತ್ತು. ನಿಮ್ಮ ಜಾಗದಲ್ಲಿ ಯಾವ ಸಂತನಿದ್ದರೂ ಈ ಕೈ ತಿರುಗುತ್ತಿರಲಿಲ್ಲ. ಇನ್ನು ಮೇಲೆ ತಿರುಚಬೇಡಿ. ಸುಮ್ಮನೆ ನೋವು" ಎಂದರು.

ಹೊರಗೆ ಬಂದು ಹೊಂಗೆಯ ಮರದ ಕೆಳಗೆ ನಿಂತೆವು. ಅಕ್ಕ ಇನ್ನೂ ಬಿಕ್ಕುತ್ತಿದ್ದಳು. ಅವಳು ಒಳಗೆ ನುಗ್ಗಿ ಮನೆಯ ಗುಟ್ಟು ಹೇಳಿದ್ದಕ್ಕೆ ಭಾವ ಈಗ ಕೂಗಾಡುತ್ತಾರೆ ಎಂದು, ನಡುವೆ ಬೀಳಲು ನಾನು ಸಿದ್ಧನಾಗಿದ್ದೆ. ಭಾವ ಮರದ ಬುಡದಲ್ಲಿ ಕುಕ್ಕರಿಸಿದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ಬಗ್ಗಿ ನೋಡಿದರೆ ನಗು! ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಾರೆ.

"ಏನ್ ಭಾವ?"

"ಮೂಳೆಯಂತ ಕಣ್ಲಾ" ಎಂದರು. "ನಾನು ಶಿವನಿಗ ಬ್ಯಾಡ್ವಾದವ ಅಂದ್ಕಂಡಿದ್ನಲ್ಲೋ ಇಷ್ಟು ವರ್ಸ. ಬರೀ ಮೂಳೆಯಂತ."

ಅಕ್ಕನ ಬಿಕ್ಕು ನಿಂತಿತು. ಅವಳು ಅವರ ಪಕ್ಕದಲ್ಲಿ ಕೂತಳು. ಪರವೂರಿನ ಬಂಗಲೆಯ ಅಂಗಳ, ಸುತ್ತ ಅಷ್ಟು ಜನ ಸಿಪಾಯಿಗಳು, ಇಬ್ಬರಿಗೂ ನಾಚಿಕೆಯೇ ಆಗಲಿಲ್ಲ. ನಾನೇ ಬಸ್ಸಿನ ಹೊತ್ತು ವಿಚಾರಿಸುವ ನೆಪ ಮಾಡಿಕೊಂಡು ಅತ್ತ ಹೋದೆ.