ಕೆಡದ ಕಂಪ್ಯೂಟರು

ಸೆವ್ಲಿಯೆವೋ ಊರಿನಲ್ಲಿ ರಾದೋಯ್‌ನನ್ನು ಹೊಗಳದವರಿಲ್ಲ, ಎರಡನೇ ಸಲ ಮನೆಗೆ ಕರೆದವರೂ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತನಾದ ಮೇಲೆ ಅವನಿಗೊಂದು ಹುಚ್ಚು ಹಿಡಿದಿತ್ತು. ಯಾರದಾದರೂ ಹಳೆಯ ಕಂಪ್ಯೂಟರು ಕುಂಟುತ್ತಿದೆ ಎಂದು ಕಿವಿಗೆ ಬಿದ್ದರೆ ಸಾಕು, ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಹೋಗಿ ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ಹಾಕಿಕೊಟ್ಟು ಬರುತ್ತಿದ್ದ. ಬಿಡಿಗಾಸು ಮುಟ್ಟುತ್ತಿರಲಿಲ್ಲ. ಹಾಕಿದ್ದು ಮತ್ತೆ ಕೆಡುತ್ತಲೂ ಇರಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ.

ಟೀವಿ ರಿಪೇರಿಯ ದೆಲ್ಚೋನನ್ನು ನೋಡಿ. ಅವನು ಹಾಕಿಕೊಡುವುದು ಎಲ್ಲರ ಮನೆಯಲ್ಲಿರುವ ಮಾಮೂಲಿ ವ್ಯವಸ್ಥೆಯ ಕಳ್ಳಪ್ರತಿ. ವಾರಕ್ಕೊಮ್ಮೆ ಅದು ಮಕಾಡೆ ಮಲಗುತ್ತದೆ, ವಾರಕ್ಕೊಮ್ಮೆ ದೆಲ್ಚೋಗೆ ಬುಲಾವ್ ಬರುತ್ತದೆ. ಹೋದಲ್ಲೆಲ್ಲ ಚೀಸ್ ತುಂಬಿದ ಬಿಸಿ ಬಾನಿತ್ಸಾ, ಮೇಲೊಂದು ಗುಟುಕು ರಕಿಯಾ ಸಾರಾಯಿ. ಊರಲ್ಲಿ ಎಷ್ಟು ಕಂಪ್ಯೂಟರು ಕೆಟ್ಟಿವೆ ಎಂದು ಅವನ ಹೊಟ್ಟೆ ನೋಡಿಯೇ ಹೇಳಬಹುದು.

"ಎಂಥಾ ದಡ್ಡನಯ್ಯಾ ನೀನು!" ಎಂದು ಅವನು ಕಾಫಿ ಅಂಗಡಿಯಲ್ಲಿ ಛೇಡಿಸುತ್ತಿದ್ದ. "ಏನಾದ್ರೂ ಒಂದು ಕೆಲ್ಸ ಅರ್ಧಕ್ಕೆ ಬಿಟ್ಟು ಬಾರೋ. ಇಲ್ದಿದ್ರೆ ಜನಕ್ಕೆ ನಿನ್ನ ಮುಖ ನೆನಪಿರೋದಾದ್ರೂ ಹೆಂಗೆ?"

"ನನ್ನ ಕೈಲಾಗಲ್ಲ ಬಿಡು," ಎನ್ನುತ್ತಿದ್ದ ರಾದೋಯ್.

ಹೀಗಿರುವಾಗ ಆ ವಸಂತದಲ್ಲಿ ವೆಲಿಚ್ಕಾ ಕರೆ ಕಳಿಸಿದಳು. ಕುಣಿತದ ತಂಡಗಳಿಗೆ ಕಸೂತಿ ಅಂಗಿ ಹೊಲಿಯುವ ವಿಧವೆ ಅವಳು. ಕಸೂತಿಯ ನಮೂನೆಗಳೆಲ್ಲ ಕಂಪ್ಯೂಟರಿನಲ್ಲಿದ್ದವು, ದೆಲ್ಚೋ ಹಾಕಿದ್ದು ಕೆಟ್ಟೂ ಕೆಟ್ಟೂ ಅವಳಿಗೆ ಸಾಕಾಗಿತ್ತು. ರಾದೋಯ್ ಮದುವೆಯಾಗದೆ ಉಳಿದ ಪ್ರಾಣಿ. ವೆಲಿಚ್ಕಾ ದಾರಿಯಲ್ಲಿ ಸಿಕ್ಕು ನಕ್ಕರೆ ವಾರವಿಡೀ ಅದನ್ನೇ ಮೆಲುಕು ಹಾಕುವಂಥವನು. ಗಡ್ಡ ನುಣ್ಣಗೆ ಹೆರೆದುಕೊಂಡು ಹೋದ.

ಹಳೆಯದನ್ನೆಲ್ಲ ಅಳಿಸಲೇ ಎಂದು ಪರದೆ ಕೇಳಿತು. ನಮೂನೆಗಳನ್ನು ಬೇರೆ ಕಡೆ ಉಳಿಸಿದ್ದರೂ ಅವನಿಗೆ ಸಮಾಧಾನವಿಲ್ಲ, ಒಂದೊಂದನ್ನೂ ತೆರೆದು ನೋಡಿ ಆಮೇಲೆ ಹೂಂ ಎಂದ. ಅಷ್ಟರಲ್ಲಿ ವೆಲಿಚ್ಕಾ ತಾಮ್ರದ ತಂಬಿಗೆ ತಂದು, ಯಾವುದೇ ಕೆಲಸ ಶುರುವಾಗುವಾಗ ಊರಲ್ಲಿ ಮಾಡುವ ಹಾಗೆ, ನೆಲಕ್ಕೆ ನೀರು ಚೆಲ್ಲಿಯೇ ಬಿಟ್ಟಳು.

"ನೀರು ಹರಿದ ಹಾಗೆ ಸಲೀಸಾಗಿ ಸಾಗ್ಲಿ!"

ನೀರು ಸಲೀಸಾಗಿಯೇ ಸಾಗಿತು, ನೇರ ಮೇಜಿನ ಕೆಳಗಿದ್ದ ಪ್ಲಗ್ಗುಗಳ ಪಟ್ಟಿಯ ಕಡೆಗೆ. ರಾದೋಯ್ ಹಾರಿಬಿದ್ದು ಅದನ್ನೆತ್ತಿಕೊಂಡ. ಕೆಲಸ ಮುಗಿಯುವವರೆಗೂ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ವೆಲಿಚ್ಕಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಎಲ್ಲ ಆಯಿತು, ಪ್ರಿಂಟರ್ ಒಂದು ಉಳಿಯಿತು. ಇದೊಂದನ್ನು ಬಿಟ್ಟು ಹೋದರೆ ಮುಂದಿನ ವಾರ ಕರೆ ಬಂದೇ ಬರುತ್ತದೆ. ಚೀಲ ಹೆಗಲಿಗೇರಿಸಿ ಬಾಗಿಲವರೆಗೂ ಹೋದ. ಮನಸ್ಸು ಒಪ್ಪಲಿಲ್ಲ. ವಾಪಸು ಬಂದು ಕೂತು ಅದನ್ನೂ ಸರಿಮಾಡಿದ. ಕೆಂಪು ಹೂವಿನ ನಮೂನೆ ಅಚ್ಚಾಗಿ ಬಂತು.

"ಅಬ್ಬಾ, ಎಷ್ಟು ಚೆಂದ ಬಂದಿದೆ!" ಎಂದಳು ವೆಲಿಚ್ಕಾ.

"ಹೌದು," ಎಂದ ರಾದೋಯ್, ಸಪ್ಪೆ ಮುಖ ಮಾಡಿಕೊಂಡು.

ಅವನು ಮೆಟ್ಟಿಲಿಳಿಯುವಾಗ ಅವಳು ಹಿಂದಿನಿಂದ ಮತ್ತೊಂದು ತಂಬಿಗೆ ನೀರು ಚೆಲ್ಲಿದಳು. ಹೊರಟವರ ದಾರಿ ಸುಗಮವಾಗಲಿ ಎಂದು ಎಲ್ಲರಿಗೂ ಚೆಲ್ಲುವುದೇ.

ಬೇಸಿಗೆ ಕಳೆಯಿತು. ಕರೆ ಬರಲಿಲ್ಲ. ಸುಮ್ಮಸುಮ್ಮನೆ ಅವಳ ಬೀದಿಯಲ್ಲಿ ಹಾದುಹೋದರೆ ಒಳಗಿನಿಂದ ಪ್ರಿಂಟರಿನ ಸದ್ದು. ಜನ್ಮದಲ್ಲಿ ಲಿನಕ್ಸನ್ನು ಬೈಯದವನು ಅಂದು ಬೈದ. ಪಾಪ, ಅದೇನು ಮಾಡೀತು?

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಫೋನು ಬಂತು. "ರಾದೋಯ್ ಅವ್ರೇ, ಬನ್ನಿ. ಇದನ್ನ ತೆಗೆದು ಆ ಹಳೇದನ್ನೇ ಹಾಕ್ಕೊಡಿ."

ಕರೆದಳೆಂಬ ಖುಷಿಗಿಂತ ಪೆಟ್ಟೇ ದೊಡ್ಡದಾಯಿತು. ಅವನು ಹಾಕಿದ್ದನ್ನು ತೆಗೆ ಎಂದವರು ಊರಲ್ಲಿ ಇವಳೇ ಮೊದಲು. ಗಡ್ಡವನ್ನೂ ಹೆರೆಯದೆ ಹೋದ. ಕಂಪ್ಯೂಟರನ್ನು ಮೇಲೆ ಕೆಳಗೆ ತಡಕಾಡಿದ. ಎಲ್ಲವೂ ನೆಟ್ಟಗಿತ್ತು.

"ಏನ್ ತೊಂದ್ರೆ ಇದರಲ್ಲಿ?"

"ಏನೂ ಇಲ್ಲ. ಅದೇ ತೊಂದ್ರೆ." ವೆಲಿಚ್ಕಾ ಬಾನಿತ್ಸಾದ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. "ಮೊದ್ಲು ಹಾಳಾದ್ದು ವಾರಕ್ಕೊಂದ್ಸಲ ಕೆಡ್ತಿತ್ತು, ಆ ದೆಲ್ಚೋನಾದ್ರೂ ಬಂದು ಹೋಗ್ತಿದ್ದ. ನೀವು ಹಾಕ್ಕೊಟ್ಟು ಹೋದ್ರಿ ನೋಡಿ, ಒಂದು ನರಪಿಳ್ಳೆನೂ ಈ ಹೊಸ್ತಿಲು ತುಳಿದಿಲ್ಲ. ನೀವೂ ತುಳಿದಿಲ್ಲ."

"ನೀವು ಕರೀಲಿಲ್ಲ…"

"ಕೆಡದೆ ಹೆಂಗ್ರೀ ಕರೀಲಿ?"

ರಾದೋಯ್ ಬಾನಿತ್ಸಾಗೆ ಕೈಹಾಕಿದ. ತಟ್ಟೆ ಖಾಲಿಯಾಗುವವರೆಗೂ ತಲೆಯೆತ್ತಲಿಲ್ಲ. ಕೊನೆಗೆ, "ಹಳೇದನ್ನ ಹಾಕೋಕೆ ನನ್ನ ಕೈಲಾಗಲ್ಲ," ಎಂದ.

"ಗೊತ್ತು. ಅವತ್ತು ಬಾಗಿಲಿಂದ ವಾಪಸು ಬಂದು ಪ್ರಿಂಟರ್ ಸರಿಮಾಡಿದ್ರಲ್ಲ, ಅವತ್ತೇ ಗೊತ್ತಾಯ್ತು."

ಅವನು ಹೊರಟಾಗ ವೆಲಿಚ್ಕಾ ತುಂಬಿದ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ರಾದೋಯ್ ಮೆಟ್ಟಿಲಿಳಿದು, ನೀರಿನ ಸದ್ದಿಗಾಗಿ ಕಾದು ನಿಂತ. ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅವಳು ಕಿಟಕಿಯ ಕುಂಡದ ಗಿಡಕ್ಕೆ ನೀರು ಹನಿಸುತ್ತಿದ್ದಳು.

"ನಂಗೆ ನೀರು ಚೆಲ್ಲಲ್ವಾ?"

"ದೂರ ಹೋಗೋರಿಗೆ ಚೆಲ್ಲೋದು, ರಾದೋಯ್," ಎಂದಳು ಅವಳು. "ನಾಳೆ ಊಟಕ್ಕೆ ಬರೋನಿಗೆ ಯಾಕೆ?"