ಸೀತವ್ವನ ಅರವತ್ತು ಗುಳಿಗೆ

ಇಂಡಿ ತಾಲೂಕಿನ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿ ಯಶೋಧಾ ಔಷಧ ಕೊಡುವ ಕಿಟಕಿಗೆ ಕೂತು ಹದಿನೇಳು ವರ್ಷವಾಯಿತು. ಆ ಕಿಟಕಿಗೆ ಬಂದವರಲ್ಲಿ ಅವಳು ಇಂದಿಗೂ ಹಾದಿ ನೋಡುವುದು ಕುರಿ ಕಾಯುವ ಸೀತವ್ವನದು.

ಸೀತವ್ವನ ಮೂರ್ಛೆರೋಗಕ್ಕೆ ತಿಂಗಳಿಗೆ ಅರವತ್ತು ಗುಳಿಗೆ ಬೇಕು. ಅಮಾವಾಸ್ಯೆಯ ಮರುದಿನ ಅಗರಖೇಡದ ಕಡೆಯಿಂದ ನಡೆದೇ ಬರುತ್ತಿದ್ದಳು. ಬಂದವಳೇ ಊಟವಾಯಿತೇ ಎಂದು ಕೇಳುತ್ತಿದ್ದಳು. ಅವ್ವ ಹೋದ ಮೇಲೆ ಯಶೋಧಾಳನ್ನು ಹಾಗೆ ಕೇಳುವವರು ಬೇರೆ ಇರಲಿಲ್ಲ.

ಎರಡು ವರ್ಷದ ಹಿಂದೆ ಆ ಗುಳಿಗೆ ಮುಗಿದವು. ಡಬ್ಬಿ ಖಾಲಿಯಾದ ಮೇಲೆ ಬೇಡಿಕೆ ಬರೆಯುವುದು ಯಶೋಧಾಳ ರೂಢಿ. ಮಾಲು ಬರಲು ಇಪ್ಪತ್ತು ದಿನ ಹಿಡಿಯುತ್ತಿತ್ತು. ಮುಂದಿನ ವಾರ ಬಾ ಎಂದಳು. ಆಗಲೂ ಮಾಲು ಬಂದಿರಲಿಲ್ಲ. ಮೂರನೆಯ ಸಲ ಬಂದಾಗಲೂ ಸೀತವ್ವ ಸಿಟ್ಟಾಗಲಿಲ್ಲ.

"ನಿನ್ನಿ ಕುರಿ ನಡುವ ಬಿದ್ದಿದ್ನಿ, ಯವ್ವಾ. ಗುಳಿಗಿ ಯಾವಾಗ ಬರ್ತಾವ, ಖರೇನ ಹೇಳು."

ಯಶೋಧಾಳಿಗೆ ಗೊತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ಮಾಲು ಬಂತು. ರವಿವಾರ ಅವಳೇ ಗುಳಿಗೆ ಹಿಡಿದು ಅಗರಖೇಡಕ್ಕೆ ಹೋದಳು. ಕುರಿ ತರುಬಿ ನಿಲ್ಲಿಸಿದ್ದ ಹೊಲದಲ್ಲಿ ಹಿಕ್ಕೆಯಷ್ಟೇ ಉಳಿದಿತ್ತು. ಸೀತವ್ವ ಹಿಂಡಿನೊಡನೆ ಭೀಮಾ ನದಿ ದಾಟಿದ್ದಳು.

ಮರುದಿನದಿಂದ ಅವಳು ಪದ್ಧತಿ ಬದಲಿಸಿದಳು. ಯಾರಿಗೆ ಯಾವ ಗುಳಿಗೆ ತಿಂಗಳಿಗೆ ಎಷ್ಟು ಬೇಕೆಂದು ಹೆಸರು ಹಿಡಿದು ಬರೆದಳು. ಒಂದೂವರೆ ತಿಂಗಳಿಗಾಗುವಷ್ಟು ಉಳಿದಿರುವಾಗಲೇ ಬೇಡಿಕೆ ಕಳಿಸತೊಡಗಿದಳು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಇದೇ ಕೆಲಸದಲ್ಲಿದ್ದವರನ್ನು ಫೋನಿನಲ್ಲಿ ಒಟ್ಟುಗೂಡಿಸಿದಳು. ಒಬ್ಬರಲ್ಲಿ ಹೆಚ್ಚಾದ ಔಷಧ, ಮೇಲಿನವರ ಒಪ್ಪಿಗೆ ಪಡೆದು, ಅವಧಿ ತೀರುವ ಮೊದಲೇ ಇನ್ನೊಬ್ಬರಿಗೆ ಹೋಗತೊಡಗಿತು. ಹದಿನಾಲ್ಕು ತಿಂಗಳಿಂದ ಅವಳ ಕಿಟಕಿಯಿಂದ ಯಾರೂ ಬರಿಗೈಲಿ ಮರಳಿಲ್ಲ.

ಬರೆದ ಹೆಸರುಗಳಲ್ಲಿ ಸೀತವ್ವನದೂ ಇತ್ತು. ಬಾರದವಳದು ಯಾಕೆ, ತೆಗೆಯಿರಿ ಎಂದು ಸಿಂದಗಿಯ ಅನಿಲಕುಮಾರ ಹೇಳಿದ. ಅವಳು ತೆಗೆಯಲಿಲ್ಲ. ಸೀತವ್ವನ ಪಾಲಿನ ಗುಳಿಗೆಗಳನ್ನು ಅವಧಿ ತೀರುವ ಮೊದಲು ಅವನಿಗೇ ಕಳಿಸಿ, ಮತ್ತೆ ಅರವತ್ತು ತರಿಸುತ್ತಿದ್ದಳು.

ಈ ಚಳಿಗಾಲದಲ್ಲಿ ಸೀತವ್ವನ ತಮ್ಮ ಸಿದ್ದರಾಯ ಕೆಮ್ಮಿನ ಔಷಧಕ್ಕೆ ಬಂದ. ಅಕ್ಕ ಸೊಲ್ಲಾಪುರದ ಕಡೆ ಮಗಳ ಮನೆಯಲ್ಲಿದ್ದಾಳೆ, ಗುಳಿಗೆ ಅಲ್ಲೇ ಸಿಗುತ್ತವೆ, ಈಗ ಬೀಳುವುದಿಲ್ಲ ಎಂದ. ಯಶೋಧಾಳಿಗೆ ನೆಮ್ಮದಿಯಾಯಿತು.

"ಇಲ್ಲೂ ಈಗ ಗುಳಿಗಿ ತಪ್ಪೂದಿಲ್ಲಂತ ಹೇಳ್ರಿ," ಎಂದಳು. "ಒಮ್ಮಿ ಬಂದು ಹೋಗಂತ ಹೇಳ್ರಿ."

ಅವಳಿಗೀಗ ಅಷ್ಟು ದೂರ ಆಗದು ಎಂದು ಹೇಳಿ ಸಿದ್ದರಾಯ ಅಕ್ಕನ ಮಗಳ ಫೋನ್ ನಂಬರು ಕೊಟ್ಟ. ಯಶೋಧಾ ಇನ್ನೂ ಫೋನ್ ಹಚ್ಚಿಲ್ಲ. ಹಚ್ಚಿದರೆ ಮೊದಲು ಏನು ಹೇಳುವುದೆಂದು ದಿನಾ ಬಸ್ಸಿನಲ್ಲಿ ಯೋಚಿಸುತ್ತಾಳೆ.