ಕಾಲುವೆ ಪಾಳಿಯ ಆ್ಯಪ್

ಧುಪದಾಳದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಗಣಿತದ ಮಾಸ್ತರರು, ಏನಾದರೂ ತಿಳಿಯದಿದ್ದರೆ ಕನ್ನಡಕವನ್ನು ಹಣೆಗೇರಿಸಿ, "ಹಂಗಂದ್ರ ಏನ್ರಿ?" ಎನ್ನುತ್ತಿದ್ದರು. ಆಮೇಲೆ ಅದೇ ಕನ್ನಡಕವನ್ನು ಮನೆ ತುಂಬ ಹುಡುಕುತ್ತಿದ್ದರು.

ಕಾಲುವೆ ನೀರಿನ ಪಾಳಿ ಯಾವ ಹೊಲಕ್ಕೆ ಯಾವಾಗ ಎಂದು ತೋರಿಸುವ ಆ್ಯಪ್ ಒಂದನ್ನು ತಾವೇ ಮಾಡಿ, "ಇದು ಎಲ್ಲಾರದೂ ಐತ್ರಿ" ಎಂದು ಊರಿಗೆಲ್ಲ ಹಂಚಿದ್ದರು. ಅಷ್ಟರಲ್ಲಿ ಫೋನ್ ಕಂಪನಿಯ ಹೊಸ ನಿಯಮ ಬಂತು: ಗುರುತಿನ ಚೀಟಿ ಕೊಟ್ಟು ಹೆಸರು ನೋಂದಾಯಿಸದವರ ಆ್ಯಪ್ ಇನ್ನು ಫೋನಿನೊಳಗೆ ಇಳಿಯುವುದಿಲ್ಲ.

ಮಾಸ್ತರರು ನಮ್ಮ ಕಟ್ಟೆಗೆ ಬಂದು ಕೂತರು. "ಯಾರ್ ಬೇಕಾದ್ರೂ ಆ್ಯಪ್ ಮಾಡ್ರಿ, ನಮ್ಮ ಬಾಗಲಾ ತೆರದೈತಿ ಅಂತಾರ. ಮತ್ತ, ಒಳಗ ಬರೂ ಮೊದಲ ನಮ್ಮನ್ನ ಕೇಳ್ರಿ ಅಂತಾರ. ಹಂಗಂದ್ರ ಏನ್ರಿ?"

"ಕಳ್ಳರೂ ಆ್ಯಪ್ ಮಾಡ್ತಾರಲ್ರಿ ಸರ," ಎಂದೆ.

"ಅದೂ ಖರೆ," ಎಂದು ಎದ್ದು ಹೋದರು. ಮರುದಿನ ಬಂದು, "ಅದು ಖರೆ ಅಲ್ಲ," ಎಂದರು. ಮೂರನೆಯ ದಿನಕ್ಕೆ ಇಬ್ಬರ ತಲೆಯೂ ಕೆಟ್ಟಿತ್ತು.

ಅವತ್ತೇ ಕಾಲುವೆಯ ಕೊನೆಯ ಹೊಲದ ಅಕ್ಕ ಫೋನ್ ಹಿಡಿದು ಬಂದಳು. "ಸರ, ಇದರಾಗ ನಮ್ಮ ಪಾಳಿ ತಪ್ಪೈತ್ರಿ. ನಾನ ತಿದ್ದತೇನಿ, ಹೆಂಗಂತ ಹೇಳ್ರಿ."

"ನಿಮಗ ತಿದ್ದಾಕ ಬರಂಗಿಲ್ರಿ ಅಕ್ಕಾರ. ನನಗ ಹೇಳ್ರಿ, ನೋಡಿ ತಿದ್ದತೇನಿ. ಎಲ್ಲಾರೂ ತಿದ್ದಾಕತ್ತಿದ್ರ ನೀರಿಗೆ ಜಗಳಾಗ್ತಾವು."

"ಎಲ್ಲಾರದೂ ಐತಿ ಅಂತ ನೀವ ಹೇಳಿದ್ರಲ್ರಿ ಸರ. ಹಂಗಂದ್ರ ಏನ್ರಿ?"

ಮಾಸ್ತರರ ಕನ್ನಡಕ ಹಣೆಗೇರಿತು. ಅವತ್ತು ಅದನ್ನು ಹುಡುಕುವುದನ್ನೂ ಮರೆತರು.